ಟೀಚರಮ್ಮ ನಡೆಸಿದ ಕೊನೆಯ ಶಿಬಿರ

ಏಪ್ರಿಲ್ ಮೊದಲ ವಾರ ನಮ್ಮ ಶಾಲೆಯಲ್ಲಿ ಗೋಂದು ಮುಗಿದುಹೋಗಿತ್ತು. ದಾಖಲಾತಿಯ ನೋಟೀಸು ಅಂಟಿಸಬೇಕಿತ್ತು. ಬಿಸಿಯೂಟದ ಅಡುಗೆಯಾಕೆ ಒಂದು ಹಿಡಿ ಮೈದಾವನ್ನು ನೀರಿಗೆ ಕದಡಿ, ಒಲೆಯ ಮೇಲಿಟ್ಟು ಕುದಿಸಿ, ಹಳೇ ಡಬ್ಬಿಯಲ್ಲಿ ತಂದು ನನ್ನ ಮೇಜಿನ ಮೇಲಿಟ್ಟಳು. ಅದರ ಹಬೆ ಮುಖಕ್ಕೆ ಬಡಿಯಿತು. ಅರ್ಧ ಬೆಂದ ಹಿಟ್ಟು, ತಳ ಹಿಡಿದ ಪಾತ್ರೆ, ಆ ಎರಡೂ ಸೇರಿದ ವಾಸನೆ... ನಾನು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟೆ.

"ಯಾಕ್ ಮೇಡಂ, ಸೀದೋಗೈತಾ?" ಎಂದಳು.

"ಇಲ್ಲ, ಚೆನ್ನಾಗಿದೆ. ತಗೊಂಡೋಗಿ ಅಂಟಿಸು" ಎಂದೆ.

ಬೇಲೂರಿನ ಈ ಸರ್ಕಾರಿ ಶಾಲೆಗೆ ನಾನು ಮುಖ್ಯ ಶಿಕ್ಷಕಿ. ಮಕ್ಕಳ ತಾಯಂದಿರು ನನ್ನನ್ನು ಟೀಚರಮ್ಮ ಎಂದು ಕರೆಯುತ್ತಾರೆ. ಕರೆದಾಗಲೆಲ್ಲ ಒಂದು ಕ್ಷಣ ತಡೆದು ಓಗೊಡುತ್ತೇನೆ. ಆ ಹೆಸರು ಬೇರೊಬ್ಬರದು.

ನಾನು ಹುಟ್ಟಿ ಬೆಳೆದದ್ದು ಅರಸೀಕೆರೆಯಲ್ಲಿ. ನಮ್ಮದು ಸಣ್ಣ ಕ್ರೈಸ್ತ ಸಭೆ. ರೈಲ್ವೆಯಲ್ಲಿ ಕೆಲಸಕ್ಕಿದ್ದವರು, ಇಬ್ಬರು ನರ್ಸುಗಳು, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಅಪ್ಪ, ಹೀಗೆ ಬೆರಳೆಣಿಕೆಯ ಮನೆಗಳು. ಟೀಚರಮ್ಮ ಯಾವ ಶಾಲೆಯ ಟೀಚರೂ ಅಲ್ಲ. ಓದಿದ್ದು ಏಳನೇ ಕ್ಲಾಸು. ಗಂಡ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದವರು, ಮದುವೆಯಾದ ನಾಲ್ಕನೇ ವರ್ಷಕ್ಕೆ ಜ್ವರದಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಚರ್ಚಿನ ಹಿಂದಿನ ಗಲ್ಲಿಯಲ್ಲಿ, ಒಂದು ಬಾಡಿಗೆ ಮನೆಯ ಜಗಲಿಯ ಮೇಲೆ ಹೊಲಿಗೆ ಮೆಷಿನ್ ಇಟ್ಟುಕೊಂಡು, ಕೊಬ್ಬರಿ ಮಂಡಿಯವರ ಮನೆಯ ಹೆಂಗಸರಿಗೆ ರವಿಕೆ ಹೊಲಿದುಕೊಡುತ್ತಿದ್ದರು. ಭಾನುವಾರ ನಮಗೆಲ್ಲ ಸಂಡೇ ಸ್ಕೂಲ್ ಮಾಡುತ್ತಿದ್ದರು. ನಾವು ಟೀಚರಮ್ಮ ಅಂದೆವು, ಆಮೇಲೆ ಇಡೀ ಬೀದಿಯೇ ಅಂದಿತು.

ದೊಡ್ಡ ಊರುಗಳ ಚರ್ಚುಗಳಲ್ಲಿ ಬೇಸಿಗೆ ರಜೆಗೆ ಹತ್ತು ದಿನ ಮಕ್ಕಳ ಶಿಬಿರ ನಡೆಯುತ್ತಿತ್ತು. ನಮ್ಮಲ್ಲಿ ಒಂದೇ ದಿನ. ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಚರ್ಚಿನ ಹಾಲ್‌ನ ಬೀಗದ ಕೈ ಟೀಚರಮ್ಮನ ಸೆರಗಿನ ಗಂಟಿನಲ್ಲಿರುತ್ತಿತ್ತು. ಆ ಒಂದು ದಿನಕ್ಕೆ ಅವರು ವರ್ಷವಿಡೀ ತಯಾರಿ ಮಾಡಿಕೊಳ್ಳುತ್ತಿದ್ದರು. ಹಳೇ ಲಗ್ನಪತ್ರಿಕೆ, ಕ್ಯಾಲೆಂಡರುಗಳಿಂದ ಕುರಿ, ಒಂಟೆ, ದೋಣಿ, ಗಡ್ಡದ ಮುದುಕರನ್ನೆಲ್ಲ ಕತ್ತರಿಸಿ, ಹಿಂಬದಿಗೆ ಉಪ್ಪುಕಾಗದದ ಚೂರು ಅಂಟಿಸುತ್ತಿದ್ದರು. ಹಲಗೆಗೆ ಕರೀ ಕಂಬಳಿ ಬಿಗಿದು, ಕಥೆ ಹೇಳುತ್ತಾ ಒಂದೊಂದನ್ನೇ ಅದಕ್ಕೆ ಒತ್ತಿದರೆ ಅವು ಅಲ್ಲೇ ನಿಂತುಬಿಡುತ್ತಿದ್ದವು. ನಮಗೆ ಅದು ಪವಾಡವೇ. ರವಿಕೆ ಚೂರುಗಳಿಂದ ಗೊಂಬೆ, ತೆಂಗಿನ ಚಿಪ್ಪಿನಿಂದ ಆಮೆ, ಬಣ್ಣದ ಕಾಗದದಿಂದ ಕಿರೀಟ. ಇವಕ್ಕೆಲ್ಲ ಹಿಂದಿನ ರಾತ್ರಿಯೇ ಪಾತ್ರೆ ತುಂಬ ಮೈದಾ ಅಂಟು ಕುದಿಯುತ್ತಿತ್ತು.

ಸಭೆಯ ಮಕ್ಕಳು ಹದಿನೈದು ಜನ ಇದ್ದರೆ ಹೆಚ್ಚು. ಉಳಿದವರೆಲ್ಲ ಬೀದಿಯ ಮಕ್ಕಳು, ಮಂಡಿಯವರ ಮನೆಯ ಮಕ್ಕಳು. ಟೀಚರಮ್ಮ ಮನೆಮನೆಗೂ ಹೋಗಿ ಹೇಳಿಯೇ ಕರೆಯುತ್ತಿದ್ದರು. "ಕಥೆ ಹೇಳ್ತೀನಿ, ಆಟ ಆಡಿಸ್ತೀನಿ. ಯೇಸುವಿನ ಕಥೇನೂ ಇರುತ್ತೆ. ಮನಸಿಲ್ದಿದ್ರೆ ಕಳಿಸ್ಬೇಡಿ, ನನಗೇನೂ ಬೇಜಾರಿಲ್ಲ." ನಮ್ಮ ಎದುರುಮನೆಯ ಕೊಬ್ಬರಿ ವ್ಯಾಪಾರಿಯ ತಾಯಿ, ಹಣೆ ತುಂಬ ವಿಭೂತಿ ಹಚ್ಚುತ್ತಿದ್ದ ಅಜ್ಜಿ, ನಗುತ್ತಿದ್ದರು. "ಕಥೆ ಕೇಳಿದ್ರೆ ಏನ್ ಸವ್ದೋಯ್ತದಾ? ಮನೇಲಿದ್ರೆ ಜಗ್ಳ ಆಡ್ಕಂಡ್ ಸಾಯ್ತವೆ. ಕರ್ಕಂಡೋಗಿ ಟೀಚರಮ್ಮ, ನಿಮ್ಮತ್ರ ಇದ್ರೆ ನಮ್ಮತ್ರ ಇದ್ದಂಗೇ."

ಅದು ತೊಂಬತ್ತರ ದಶಕದ ನಡುವಿನ ಒಂದು ವರ್ಷ. ನಾನು ಹಾಸನದಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದುಕೊಂಡು ಸೆಕೆಂಡ್ ಪಿಯುಸಿ ಪರೀಕ್ಷೆ ಬರೆದು ಊರಿಗೆ ಬಂದಿದ್ದೆ. ಶಿಬಿರಕ್ಕೆ ಸಹಾಯ ಮಾಡಲು ಟೀಚರಮ್ಮ ಕರೆದರು. ಒಂದನೇ ಕ್ಲಾಸಿನಿಂದ ಅವರ ಕೈಯಲ್ಲೇ ಬೆಳೆದವಳು, ಇಲ್ಲ ಎನ್ನುವುದೆಲ್ಲಿ ಬಂತು. ಅಂದು ನಲವತ್ಮೂರು ಮಕ್ಕಳು. ಟೀಚರಮ್ಮ ಮಕ್ಕಳನ್ನು ತಲೆ ಮುಟ್ಟಿ ಎಣಿಸುತ್ತಿದ್ದರು. ಬಂದ ಕೂಡಲೇ ಒಮ್ಮೆ, ಊಟಕ್ಕೆ ಕೂರಿಸಿದಾಗ ಒಮ್ಮೆ, ಊಟವಾದ ಮೇಲೆ ಗಂಟೆಗೊಮ್ಮೆ.

ಚಿತ್ರಾನ್ನ, ಮಜ್ಜಿಗೆಯ ಊಟ ಮುಗಿಯಿತು. ಎರಡು ಗಂಟೆಯಿಂದ ನಾನು ಗೇಟಿನ ಹತ್ತಿರ ನಿಲ್ಲಬೇಕಿತ್ತು. ಕಾಂಪೌಂಡಿನಲ್ಲಿ ಮಕ್ಕಳು ಕಿರೀಟ ಹಾಕಿಕೊಂಡು ಓಡಾಡುವ ಹೊತ್ತು. "ಗೇಟಿನ ಚಿಲಕ ಸಡಿಲ ಇದೆ ಕಣೇ. ನೀನು ಅಲ್ಲೇ ಇರು. ಏನಾದ್ರೂ ಬೇಕಿದ್ರೆ ನನ್ನ ಕೂಗು" ಎಂದು ಹೇಳಿ ಅವರು ಸಣ್ಣ ಮಕ್ಕಳಿಗೆ ಆಮೆ ಅಂಟಿಸಿಕೊಡಲು ಒಳಗೆ ಹೋದರು.

ಅಂದು ಪಿಯುಸಿ ರಿಸಲ್ಟು. ಚಿಕ್ಕಪ್ಪ ಕಾಲೇಜಿಗೆ ಹೋಗಿ ಬೋರ್ಡು ನೋಡಿಕೊಂಡು ಎರಡು ಗಂಟೆಗೆ ತಮ್ಮ ಆಫೀಸಿನಲ್ಲಿರುತ್ತೇನೆ ಎಂದಿದ್ದರು. ರಸ್ತೆಯಾಚೆಗೇ ಎಸ್‌ಟಿಡಿ ಬೂತು. ಎರಡೇ ನಿಮಿಷ ಅಂದುಕೊಂಡು ದಾಟಿದೆ. ಲೈನು ಸಿಗಲಿಲ್ಲ. ಮತ್ತೆ ತಿರುಗಿಸಿದೆ. ಮತ್ತೆ ಎಂಗೇಜು. ಬೂತಿನವನು ಸ್ಟೂಲು ಕೊಟ್ಟ, ಕೂತೆ. ಕೊನೆಗೆ ಚಿಕ್ಕಪ್ಪನ ದನಿ ಕೇಳಿತು. "ಫಸ್ಟ್ ಕ್ಲಾಸ್ ಕಣಮ್ಮಾ!" ಬೂತಿನವನಿಗೂ ಹೇಳಿ, ಅವನೂ ನಕ್ಕು... ವಾಪಸು ಬಂದಾಗ ಗೇಟು ಅರ್ಧ ತೆರೆದಿತ್ತು. ಚಿಲಕ ಹಾಕಿದೆ. ಹೋಗಿ ಬರಲು ಇಪ್ಪತ್ತು ನಿಮಿಷ ಹಿಡಿದಿತ್ತು.

ಮೂರು ಗಂಟೆಗೆ ಟೀಚರಮ್ಮ ತಲೆ ಮುಟ್ಟಿ ಎಣಿಸಿದರು. ನಲವತ್ತೆರಡು. ಮತ್ತೆ ಎಣಿಸಿದರು. ಎದುರುಮನೆಯ ಅಜ್ಜಿಯ ಮೊಮ್ಮಗಳು, ಆರು ವರ್ಷದ ಹುಡುಗಿ, ಇರಲಿಲ್ಲ.

ಅವರು ನನ್ನ ಹತ್ತಿರ ಓಡಿಬಂದರು. "ಗೇಟಿಂದ ಯಾರಾದ್ರೂ ಆಚೆ ಹೋದ್ರೇನೇ?"

"ಇಲ್ಲ ಟೀಚರಮ್ಮ."

"ನೀನು ಇಲ್ಲೇ ಇದ್ಯಲ್ಲ?"

"ಇಲ್ಲೇ ಇದ್ದೆ."

ಅಷ್ಟೇ ನಾನು ಹೇಳಿದ್ದು. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು. ಆದರೆ ಆ ಮಾತು ನಂಬಿದ್ದರಿಂದ ಎಲ್ಲರೂ ಕಾಂಪೌಂಡಿನೊಳಗೇ ಹುಡುಕಿದರು. ಹಾಲ್‌ನ ಬೆಂಚುಗಳ ಕೆಳಗೆ, ಪಾಸ್ಟರ್ ಮನೆಯ ಸೌದೆ ಕೊಟ್ಟಿಗೆಯಲ್ಲಿ, ಕಕ್ಕಸಿನ ಹಿಂದೆ. ಹಿತ್ತಲಲ್ಲಿ ಒಂದು ಹಾಳುಬಾವಿ ಇತ್ತು, ಮೇಲೆ ತಗಡು ಮುಚ್ಚಿತ್ತು. ತಗಡು ಸ್ವಲ್ಪ ಸರಿದಿದೆ ಎಂದು ಯಾರೋ ಅಂದರು. ಟೀಚರಮ್ಮ ಬಾವಿಯ ಪಕ್ಕದಲ್ಲೇ ಕೂತುಬಿಟ್ಟರು. ಒಬ್ಬನನ್ನು ಹಗ್ಗ ಕಟ್ಟಿ ಇಳಿಸಿದರು. ಅವನು ಕೆಸರು ತಡಕಾಡಿ, "ಇಲ್ಲಿ ಏನೂ ಇಲ್ಲ ಕಣ್ರೀ" ಎಂದು ಕೂಗುವಷ್ಟರಲ್ಲಿ ನಾಲ್ಕು ದಾಟಿತ್ತು. ನಾನು ಬಾವಿಯ ಕಟ್ಟೆಯ ಹತ್ತಿರವೇ ನಿಂತಿದ್ದೆ. ಅವನು ಒಳಗೆ ತಡಕಾಡುತ್ತಿದ್ದಷ್ಟು ಹೊತ್ತೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಆಗಿದ್ದು ಇಷ್ಟು. ಮಗು ತನ್ನ ಕಿರೀಟವನ್ನು ಅಪ್ಪನಿಗೆ ತೋರಿಸಲು ಮಂಡಿಗೆ ಹೊರಟಿತ್ತು. ದಾರಿ ತಪ್ಪಿ ಜನರ ಹಿಂದೆ ಸ್ಟೇಷನ್ನಿಗೆ ಹೋಗಿ, ಎಲ್ಲರೂ ಹತ್ತಿದರು ಎಂದು ಪ್ಯಾಸೆಂಜರ್ ಗಾಡಿ ಹತ್ತಿತ್ತು. ಒಂಟಿಯಾಗಿ ಅಳುತ್ತಿದ್ದ ಮಗುವನ್ನು ಕಡಲೆಕಾಯಿ ಮಾರುವ ಹೆಂಗಸೊಬ್ಬಳು ಬಾಣಾವರದಲ್ಲಿ ಇಳಿಸಿ ಸ್ಟೇಷನ್ ಮಾಸ್ತರಿಗೆ ಒಪ್ಪಿಸಿದಳು. ಯಾರ ಮಗಳು ಎಂದು ಕೇಳಿದರೆ, "ಟೀಚರಮ್ಮ ಬತ್ತಾರೆ" ಎಂದಷ್ಟೇ ಹೇಳುತ್ತಿತ್ತಂತೆ. ತಲೆಯ ಮೇಲಿನ ಕಿರೀಟಕ್ಕೆ ಟೀಚರಮ್ಮ ಪ್ರತಿ ಮಗುವಿನ ಹೆಸರು, ಬೀದಿ ಬರೆದು ಅಂಟಿಸಿದ್ದರು. ಅದನ್ನು ನೋಡಿ ಅರಸೀಕೆರೆಗೆ ಫೋನು ಬಂತು. ಮಂಡಿಯ ಜೀಪು ಹೋಗಿ ಕರೆತಂದಾಗ ಏಳು ಗಂಟೆ. ಬಾವಿಯಲ್ಲಿಲ್ಲ ಎಂದಾದಾಗಿನಿಂದ ಟೀಚರಮ್ಮ ಕೆರೆ ಏರಿ, ಬಸ್ ಸ್ಟ್ಯಾಂಡು ಅಂತ ಬರಿಗಾಲಲ್ಲಿ ಓಡಾಡಿದ್ದರು. ಮಗುವನ್ನು ಜೀಪಿನಿಂದ ಇಳಿಸಿದಾಗ ಅಪ್ಪಿಕೊಳ್ಳಲು ಮುಂದೆ ಬಂದರು. ಮಗುವಿನ ಅಪ್ಪ ಅಡ್ಡ ನಿಂತ.

"ಮುಟ್ಬೇಡಿ ಅದನ್ನ. ನಿಮ್ಮನ್ನ ನಂಬಿ ಕಳಿಸಿದ್ದಕ್ಕೆ ಸರಿಯಾಗೇ ಮಾಡಿದ್ರಿ. ನೋಡ್ಕೊಳ್ಳೋಕೆ ಆಗಲ್ಲ ಅಂದ್ಮೇಲೆ ಊರೋರ ಮಕ್ಕಳನ್ನ ಯಾಕ್ರೀ ಗುಡ್ಡೆ ಹಾಕ್ಕೋತೀರಾ? ಜನ ಹೇಳೋದು ಸುಳ್ಳಲ್ಲ ಬಿಡಿ, ನಿಮ್ಮ ಲೆಕ್ಕಾಚಾರವೇ ಬೇರೆ."

ಗೇಟಿನಾಚೆ ಜನ ಸೇರಿದ್ದರು. "ಮಕ್ಕಳನ್ನ ಜಾತಿ ಕೆಡಿಸೋಕೆ ಕರ್ಕೊಂಡೋಗ್ತಾರೆ" ಎಂದು ಒಬ್ಬ ಕೂಗಿದ. ಪಾಸ್ಟರ್ ಹೋಗಿ ಗೇಟು ಮುಚ್ಚಿದರು. ಅಜ್ಜಿ ಮಾತ್ರ ಮೊಮ್ಮಗಳನ್ನು ಸೊಂಟಕ್ಕೆ ಏರಿಸಿಕೊಂಡು, ಟೀಚರಮ್ಮನ ಕಡೆ ತಿರುಗಿಯೂ ನೋಡದೆ ಮನೆಗೆ ಹೋದರು. ಅವರು ಒಂದು ಮಾತು ಬೈದಿದ್ದರೂ ಟೀಚರಮ್ಮನಿಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ...

ಅಂದು ಮನೆಗೆ ಬಂದು ಅಮ್ಮನ ಮುಂದೆ ಅತ್ತೆ. ಎಲ್ಲ ಹೇಳಿದೆ. ಅಮ್ಮ ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಮಗು ಸಿಕ್ತಲ್ಲ? ಇನ್ನು ಆ ಮಾತು ಎತ್ತಬೇಡ."

"ಟೀಚರಮ್ಮನ್ನ ಬೈತಿದಾರಮ್ಮ."

"ನಾಲ್ಕು ದಿನ ಬೈತಾರೆ, ಆಮೇಲೆ ಮರೀತಾರೆ. ಅವ್ರಿಗೇನು, ಮಕ್ಳಾ ಮರೀನಾ? ನಿಂಗೆ ಟಿಸಿಎಚ್ ಸೀಟು ಬೇಕೋ ಬೇಡ್ವೋ?"

ಶಿಕ್ಷಕಿಯಾಗಲು ನಾನು ಸೇರಬೇಕೆಂದಿದ್ದ ತರಬೇತಿ ಕಾಲೇಜು ನಮ್ಮ ಪಂಗಡದ ಮಿಷನ್ನಿನವರೇ ನಡೆಸುತ್ತಿದ್ದದ್ದು. ಪಾಸ್ಟರ್ ಕೊಡುವ ಶಿಫಾರಸು ಪತ್ರವಿಲ್ಲದೆ ಸೀಟಿಲ್ಲ. ಅಮ್ಮ ಅಪ್ಪನಿಗೂ ಹೇಳಿದರು. ಅಪ್ಪ ಅಂದು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಆಮೇಲೂ, ಸಾಯುವವರೆಗೂ ಕೇಳಲಿಲ್ಲ.

ಮಂಗಳವಾರ ಸಂಜೆ ಕಮಿಟಿ ಸೇರಿತು. ಅಪ್ಪ ಕಾರ್ಯದರ್ಶಿ. ಶಿಬಿರದಲ್ಲಿ ಸಹಾಯಕ್ಕಿದ್ದ ನಮ್ಮನ್ನೂ ಕರೆಸಿದ್ದರು. ಟೀಚರಮ್ಮ ಕೊನೆಯ ಬೆಂಚಿನಲ್ಲಿ ಕೂತಿದ್ದರು, ಒಂದು ಕಾಲಿಗೆ ಬಟ್ಟೆ ಕಟ್ಟಿತ್ತು. ಪಾಸ್ಟರ್ ನನ್ನನ್ನು ಕೇಳಿದರು. "ಗೇಟಿನ ಹತ್ತಿರ ನೀನಿದ್ದೆ ಅಲ್ವಾ? ಮಗು ಹೋಗಿದ್ದು ನೋಡಿದ್ಯಾ?"

"ನೋಡ್ಲಿಲ್ಲ" ಎಂದೆ. ಅದು ನಿಜವೇ. ಅದಕ್ಕೇ ಅದನ್ನು ಅಷ್ಟು ಸಲೀಸಾಗಿ ಹೇಳಿದೆ.

ಮಗುವನ್ನೇ ಕೇಳೋಣವೆಂದು ಯಾರೂ ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಹಾಗಾದರೆ ಹಿತ್ತಲ ಗೋಡೆ ಕುಸಿದು ತಗ್ಗಾಗಿರುವ ಕಡೆ ಹತ್ತಿಯೇ ಹೋಗಿರಬೇಕು ಎಂದು ತೀರ್ಮಾನವಾಯಿತು. ಆ ಕಡೆಯ ಬಾಗಿಲ ಬಳಿ ಸಣ್ಣ ಮಕ್ಕಳ ಜೊತೆ ಕೂತಿದ್ದವರು ಟೀಚರಮ್ಮ. ಅವರು ನನ್ನ ಮುಖ ನೋಡಿದರು. ಸ್ವಲ್ಪ ಹೊತ್ತು ಬಿಟ್ಟು, "ನೀವೇನಾದ್ರೂ ಹೇಳೋದಿದ್ಯಾ?" ಎಂದು ಪಾಸ್ಟರ್ ಕೇಳಿದಾಗ ಇನ್ನೊಮ್ಮೆ ನೋಡಿದರು. ಆಮೇಲೆ, "ಮಕ್ಕಳನ್ನ ಕರ್ದೋಳು ನಾನು. ನಂದೇ ಜವಾಬ್ದಾರಿ" ಎಂದರು.

ಅಪ್ಪ ಎದ್ದು ನಿಂತು ಠರಾವು ಓದಿದರು. ಅಪ್ಪನ ದನಿ ಸ್ಪಷ್ಟವಾಗಿತ್ತು. ಅಜಾಗರೂಕತೆಯಿಂದ ಸಭೆಯ ಹೆಸರಿಗೆ ಕಳಂಕ ತಂದಿರುವುದರಿಂದ ಇನ್ನು ಮುಂದೆ ಅವರಿಗೆ ಮಕ್ಕಳ ಯಾವ ಕೆಲಸವನ್ನೂ ವಹಿಸತಕ್ಕದ್ದಲ್ಲ, ವ್ಯಾಪಾರಿಯ ಮನೆಯವರಲ್ಲಿ ಕ್ಷಮೆ ಕೇಳತಕ್ಕದ್ದು. ಮಾರನೆಯ ದಿನ ಪಾಸ್ಟರೂ ಅಪ್ಪನೂ ಅವರನ್ನು ಮಂಡಿಗೆ ಕರೆದುಕೊಂಡು ಹೋದರು. ಕೊಬ್ಬರಿ ಮೂಟೆಗಳ ನಡುವೆ, ಹಮಾಲರ ಎದುರಿಗೆ, ಕೈಮುಗಿದು ಕ್ಷಮೆ ಕೇಳಿಸಿದರು. ಸಭೆಯ ಮಾನ ಉಳಿಯಿತು ಎಂದು ಅಪ್ಪ ಮನೆಗೆ ಬಂದು ಕಾಫಿ ಕುಡಿದರು.

ಮುಂದಿನ ಭಾನುವಾರದಿಂದ ಸಂಡೇ ಸ್ಕೂಲನ್ನು ನನಗೆ ವಹಿಸಿದರು. ಶನಿವಾರ ಸಂಜೆ ಟೀಚರಮ್ಮ ನಮ್ಮ ಮನೆಗೆ ಬಂದರು. ಬಾಗಿಲ ಹೊರಗೇ ನಿಂತು ಕಂಬಳಿ ಹಲಗೆ, ಚಿತ್ರಗಳ ಚೀಲ ಕೊಟ್ಟರು.

"ಹಿಂದಿನ ಉಪ್ಪುಕಾಗದ ಉದುರುತ್ತೆ, ಮೆತ್ತಗೆ ತೆಗಿ. ಒಂಟೆ ಒಂದೇ ಇರೋದು, ಕಳೀಬೇಡ" ಎಂದರು. ಒಳಗೆ ಬನ್ನಿ ಎಂದು ಅಮ್ಮ ಕರೆದರು. "ಕೆಲ್ಸ ಇದೆ" ಎಂದು ಹೊರಟರು. ಕೆಲಸ ಇರಲಿಲ್ಲ. ಮಂಡಿಯವರ ಮನೆಗಳಿಂದ ರವಿಕೆ ಬಟ್ಟೆ ಬರುವುದು ಆ ವಾರವೇ ನಿಂತಿತ್ತು.

ಜೂನ್ ತಿಂಗಳಲ್ಲಿ ನನಗೆ ಶಿಫಾರಸು ಪತ್ರ ಸಿಕ್ಕಿತು. ಸೀಟೂ ಸಿಕ್ಕಿತು. ಕ್ರಿಸ್‌ಮಸ್ ರಜೆಗೆ ಊರಿಗೆ ಬಂದಾಗ ಆ ಜಗಲಿಯ ಮೇಲೆ ಯಾರದೋ ಸೈಕಲ್ ನಿಂತಿತ್ತು. ಟೀಚರಮ್ಮ ಮೆಷಿನ್ ಸಮೇತ ಹಳೇಬೀಡಿಗೆ, ತಂಗಿಯ ಮನೆಗೆ ಹೋದರು ಎಂದರು. ಯಾರೂ ತಡೆಯಲಿಲ್ಲವಂತೆ. ಹೋಗುವ ದಿನ ಎದುರುಮನೆಯ ಅಜ್ಜಿ ಮಾತ್ರ ಬಸ್ ಸ್ಟ್ಯಾಂಡಿನವರೆಗೆ ಬಂದಿದ್ದರಂತೆ.

ಹತ್ತು ವರ್ಷದ ಮೇಲೆ ಅವರನ್ನು ಮತ್ತೆ ನೋಡಿದೆ. ಆಗ ನಾನು ಬಾಣಾವರದ ಹತ್ತಿರದ ಒಂದು ಹಳ್ಳಿ ಶಾಲೆಯಲ್ಲಿದ್ದೆ. ಮಕ್ಕಳನ್ನು ಹಳೇಬೀಡಿಗೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ದೇವಸ್ಥಾನ ತೋರಿಸಿ, ಮಕ್ಕಳನ್ನು ಹುಲ್ಲಿನ ಮೇಲೆ ಊಟಕ್ಕೆ ಕೂರಿಸಿ, ಉಳಿದ ಮೇಷ್ಟ್ರುಗಳಿಗೆ ಹೇಳಿ ನಾನು ಮಾತ್ರೆ ತರಲು ಬಸ್ ಸ್ಟ್ಯಾಂಡಿನ ಕಡೆ ಬಂದೆ. ಬಟ್ಟೆ ಅಂಗಡಿಯೊಂದರ ಮುಂದೆ ಯೂನಿಫಾರಂ ಹೊಲಿಯುತ್ತಾ ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ದಪ್ಪ ಕನ್ನಡಕ. ನಾನು ಎದುರಿಗೆ ನಿಂತೆ. ಮೆಷಿನ್ ನಿಲ್ಲಿಸಿ ತಲೆ ಎತ್ತಿದರು.

"ಟೀಚರಾಗಿದೀಯಂತಲ್ಲ. ಕೇಳ್ದೆ" ಎಂದರು.

ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ಹುಡುಗಿಯಾಗಿದ್ದಾಗಿನಿಂದ ಮನಸ್ಸಿನಲ್ಲೇ ನೂರು ಸಲ ಹೇಳಿಕೊಂಡಿದ್ದ ಮಾತನ್ನು ಶುರು ಮಾಡಿದೆ. "ಟೀಚರಮ್ಮ, ಅವತ್ತು ಗೇಟಿನ ಹತ್ರ..." ಎಂದೆ.

"ಗೊತ್ತು. ಫೋನ್ ಮಾಡೋಕೆ ಹೋಗಿದ್ದೆ. ಬೂತಿನೋನು ಮಾರನೇ ದಿನಾನೇ ಹೇಳ್ದ."

ಅಂದರೆ ಮಂಗಳವಾರದ ಮೀಟಿಂಗಿಗೆ ಮುಂಚೆಯೇ...

"ಮತ್ತೆ ಯಾಕೆ ಹೇಳ್ಲಿಲ್ಲ ನೀವು?"

"ನೀನೇ ಹೇಳ್ತೀಯ ಅಂತ ಕಾದೆ. ನನ್ನ ಕೈಯಲ್ಲಿ ಬೆಳ್ದೋಳು, ಹೇಳೇ ಹೇಳ್ತಾಳೆ ಅಂದ್ಕೊಂಡೆ. ಎರಡು ಸಲ ನಿನ್ನ ಮುಖ ನೋಡ್ದೆ." ದಾರ ಕಡಿದು ಬಟ್ಟೆ ಮಡಿಸಿದರು. "ಹುಡುಗಿ ತಪ್ಪಿ ಹೋಗಿದ್ದು ನಂಗೆ ದೊಡ್ಡದಲ್ಲ ಕಣೇ. ಮಕ್ಳು ಹೋಗ್ತವೆ. ನೀನು ಇಲ್ಲೇ ಇದ್ದೆ ಅಂದ್ಯಲ್ಲ, ಆ ಬಾವೀಲಿ ನಾನು ಒಂದು ಗಂಟೆ ಹೆಣ ಕಾದೆ."

ನಾನು ಅಳುತ್ತಾ ಕ್ಷಮಿಸಿ ಎಂದೆ. ನನ್ನೊಳಗೆ ಎಲ್ಲೋ ಒಂದು ನಂಬಿಕೆಯಿತ್ತು. ಇವರು ಕ್ಷಮಿಸುತ್ತಾರೆ, ಕ್ಷಮೆಯ ಕಥೆಗಳನ್ನೇ ಹೇಳಿ ನಮ್ಮನ್ನು ಬೆಳೆಸಿದವರು...

"ದೇವರ ಹತ್ರ ಕೇಳ್ಕೋ, ಕೊಡ್ತಾನೆ. ನನ್ನ ಕೈಲಿ ಆಗಿಲ್ಲ. ಪ್ರಯತ್ನ ಪಟ್ಟಿದೀನಿ, ಪಟ್ಟಿಲ್ಲ ಅಂತಲ್ಲ." ಮತ್ತೆ ಮೆಷಿನ್ ಕಡೆ ತಿರುಗಿದರು. "ಈಗ ಹೇಳಿ ನೀನು ಹಗುರ ಆಗ್ತೀಯ. ನಂಗೇನು ಸಿಗುತ್ತೆ ಹೇಳು. ಹೋಗು, ಮಕ್ಳನ್ನ ಬಿಟ್ಟು ಬಂದಿದೀಯ."

ಎದ್ದು ಹೋದೆ. ತಿರುಗಿ ನೋಡಿದಾಗ ಅವರು ಸೂಜಿಗೆ ದಾರ ಪೋಣಿಸಲಾಗದೆ ಅಂಗಡಿಯ ಹುಡುಗಿಯನ್ನು ಕರೆಯುತ್ತಿದ್ದರು. ಅದೇ ಕೊನೆ. ಆಮೇಲೆ ಬೇಲೂರಿಗೆ ವರ್ಗವಾಗಿ ಬಂದೆ. ಇಲ್ಲಿಂದ ಹಳೇಬೀಡಿಗೆ ಬಸ್ಸಿನಲ್ಲಿ ಅರ್ಧ ಗಂಟೆ. ಹೋಗಲಿಲ್ಲ. ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಮಣ್ಣು ಮಾಡಿ ತಿಂಗಳಾದ ಮೇಲೆ.

ಈ ಮೇ ತಿಂಗಳು ಅರಸೀಕೆರೆಯ ಸಭೆಯಿಂದ ಫೋನು ಬಂತು. ಈಗಿನ ಪಾಸ್ಟರ್ ಹೊಸಬರು, ವಯಸ್ಸು ಚಿಕ್ಕದು. ಮಕ್ಕಳ ಶಿಬಿರ ಈಗ ಐದು ದಿನವಂತೆ, ಕೊನೆಯ ದಿನಕ್ಕೆ ನಾನು ಮುಖ್ಯ ಅತಿಥಿ. ಹೋದೆ. ಬ್ಯಾನರು, ಸ್ಪೀಕರು, ಬಣ್ಣದ ಟೀ ಶರ್ಟು. ಬಾವಿ ಮುಚ್ಚಿ ಅದರ ಮೇಲೆ ವಾಹನ ನಿಲ್ಲಿಸುವ ಜಾಗ ಮಾಡಿದ್ದಾರೆ. ನನ್ನ ಕೈಗೆ ಮೈಕು ಕೊಟ್ಟರು. ನಾನು ಬರೆದುಕೊಂಡು ಹೋಗಿದ್ದ ಭಾಷಣ ಬಿಟ್ಟು, ಆ ಶನಿವಾರದ ಕಥೆ ಹೇಳಿದೆ. ಎಸ್‌ಟಿಡಿ ಬೂತು, ಗೇಟು, ಬಾವಿ, ಅಪ್ಪ ಓದಿದ ಠರಾವು, ಏನನ್ನೂ ಮುಚ್ಚಿಡಲಿಲ್ಲ. ಟೀಚರಮ್ಮನ ಹೆಸರನ್ನೂ ಹೇಳಿದೆ.

ಪಾಸ್ಟರ್ ಎದ್ದು ಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. "ಮಕ್ಕಳೇ, ತಪ್ಪು ಒಪ್ಪಿಕೊಳ್ಳೋಕೆ ಎಷ್ಟು ಧೈರ್ಯ ಬೇಕು ಗೊತ್ತಾ? ಮೇಡಂಗೆ ಎಲ್ಲರೂ ಜೋರಾಗಿ ಚಪ್ಪಾಳೆ!"

ಮಕ್ಕಳು ಚಪ್ಪಾಳೆ ತಟ್ಟಿದರು. ದೊಡ್ಡವರೂ ತಟ್ಟಿದರು. ಶಾಲು ಹೊದಿಸಿದರು. ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬಳು ನನ್ನ ಕೈ ಹಿಡಿದು, "ಎಷ್ಟು ಒಳ್ಳೆ ಮನಸ್ಸು ಮೇಡಂ ನಿಮ್ದು" ಎಂದಳು. ಆಮೇಲೆ, "ಆ ಟೀಚರಮ್ಮ ಅಂದ್ರೆ ಯಾರು? ಈ ಊರಿನೋರೇನಾ?" ಎಂದು ಕೇಳಿದಳು.

ಹೌದು, ಇದೇ ಊರಿನವರು ಎಂದೆ. ಊಟಕ್ಕೆ ಕರೆದರು. ಅತಿಥಿ ಎಂದು ನನಗೆ ಮೊದಲು ಬಡಿಸಿದರು. ತಲೆ ತಗ್ಗಿಸಿ ಊಟ ಮಾಡಿದೆ.